ಕ್ಯಾಮೆರಾ ಹೋದ ಮೇಲಿನ ಪಾಠ

ಮಾತಾಡುವವರು ಇಬ್ಬರು. ಒಬ್ಬರು ಅಂಕೋಲೆಯಿಂದ ಬಹುಕಾಲ ಪತ್ರಿಕೆಗಳಿಗೆ ಸುದ್ದಿ ಬರೆದ ತಾಲ್ಲೂಕು ವರದಿಗಾರ. ಇನ್ನೊಬ್ಬಳು ಅವರ ತಂಗಿಯ ಮಗಳು, ಕಾರವಾರದಲ್ಲಿ ಬಿ.ಎ. ಮುಗಿಸಿ, ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡುತ್ತೇನೆಂದು ಹಟ ಹಿಡಿದವಳು. ಮನೆಯವರಿಗೆ ಬಿ.ಎಡ್. ಆಗಿದ್ದರೆ ನೆಮ್ಮದಿಯಿತ್ತು.

ಹುಡುಗಿ: ಮಾವ, ಅಪ್ಪನಿಗೆ ನೀವೊಂದು ಮಾತು ಹೇಳಬೇಕು. ಧಾರವಾಡಕ್ಕೆ ಅರ್ಜಿ ಹಾಕ್ತೇನೆ ಅಂದ್ರೆ ಸಾಕು, ‘ಪೇಪರಿಗೆ ಬರೆಯೋಕೆ ಎಂ.ಎ. ಯಾಕೆ? ನಿನ್ನ ಮಾವ ಯಾವ ಎಂ.ಎ. ಮಾಡಿದಾನೆ?’ ಅಂತ ಶುರು ಮಾಡ್ತಾರೆ.

ಮಾವ: ಭಾವ ಕೇಳಿದ್ದರಲ್ಲಿ ತಪ್ಪೇನಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿದ್ದು 1843ರ ಜುಲೈ 1ಕ್ಕೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ತರಗತಿ ತೆರೆದಿದ್ದು 1951ರಲ್ಲಿ. ನಡುವಿನ ನೂರೆಂಟು ವರ್ಷ ಕನ್ನಡ ಪತ್ರಿಕೆಗಳು ಯಾರ ಪದವಿಯ ಹಂಗೂ ಇಲ್ಲದೆ ನಡೆದವು. ಅಪ್ಪನಿಗೆ ಉತ್ತರ ಕೊಡುವ ಮೊದಲು ಇದನ್ನು ನೀನು ಒಪ್ಪಿಕೊಳ್ಳಬೇಕು.

ಹುಡುಗಿ: ಒಪ್ಪಿದೆ. ಆದ್ರೆ ಆಗ ಟಿವಿ ಇರಲಿಲ್ಲ, ಫೋನ್ ಇರಲಿಲ್ಲ. ನನಗೆ ಕ್ಯಾಮೆರಾ ಬೇಕು, ಎಡಿಟಿಂಗ್ ಬೇಕು, ಮೈಕ್ ಮುಂದೆ ನಿಂತು ಮಾತಾಡೋದು ಬರಬೇಕು. ಸೀನಿಯರ್ ಒಬ್ಬರನ್ನ ಕೇಳಿದ್ರೆ, ‘ಅಲ್ಲಿ ಬರೀ ಥಿಯರಿ, ಪ್ರಾಕ್ಟಿಕಲ್ ಕಮ್ಮಿ’ ಅಂದ್ರು. ನನಗಿರೋ ಹೆದರಿಕೆ ಅದೊಂದೇ.

ಮಾವ: ನನ್ನ ಲೆಕ್ಕ ಇದಕ್ಕೆ ಉಲ್ಟಾ. ಆ ಪ್ರಾಕ್ಟಿಕಲ್ಲಿಗಾಗಿ ಎರಡು ವರ್ಷ ಧಾರವಾಡದಲ್ಲಿ ಕೂರಬೇಕಾಗಿಲ್ಲ. ಅಂಕೋಲೆ ಬಸ್‌ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯ ಹುಡುಗ ಫೋನಿನಲ್ಲೇ ಬಂಡಿಹಬ್ಬದ ವಿಡಿಯೊ ಕತ್ತರಿಸಿ, ಸಂಗೀತ ಕೂರಿಸಿ, ರಾತ್ರಿಯೊಳಗೆ ಊರಿಗೆಲ್ಲ ಹಂಚ್ತಾನೆ. ಬೈಟ್ ತೆಗೆಯೋದು, ಕ್ಯಾಮೆರಾ ಎದುರು ನಿಂತು ಪಿಟುಸಿ ಕೊಡೋದು, ಫೋನಿನಲ್ಲೇ ಸುದ್ದಿ ಹೇಳೋ ಫೋನೊ ಮಾಡೋದು, ಇದನ್ನೆಲ್ಲ ಯಾವ ಚಾನೆಲ್ಲಿಗೆ ಸೇರಿದರೂ ಒಂದು ಮಳೆಗಾಲದಲ್ಲಿ ಕಲೀತೀಯ. ವಿಶ್ವವಿದ್ಯಾಲಯದಿಂದ ನೀನು ಎತ್ತಿಕೊಂಡು ಬರಬೇಕಾದದ್ದು ಎಲ್ಲರೂ ಬೇಡ ಅನ್ನೋ ಥಿಯರಿಯನ್ನೇ.

ಹುಡುಗಿ: ಇದು ಚೆನ್ನಾಗಿದೆ. ಥಿಯರಿ ಓದದೆ ಸುದ್ದಿ ಬರೆದವರು ನೀವು, ನನಗೆ ಥಿಯರಿ ಓದು ಅಂತೀರಿ.

ಮಾವ: ಓದದೆ ಏನು ತಪ್ಪಿಹೋಯ್ತು ಅಂತ ನೋಡಿದವನೇ ಹೇಳಬೇಕಲ್ಲ. ಒಂದು ಉದಾಹರಣೆ ಹೇಳ್ತೇನೆ. 2024ರ ಜುಲೈ 16. ಶಿರೂರು.

ಹುಡುಗಿ: ಗುಡ್ಡ ಬಿದ್ದ ದಿನ.

ಮಾವ: ಬೆಳಿಗ್ಗೆ ಹೆದ್ದಾರಿ 66ರ ಮೇಲೆ ಗುಡ್ಡ ಇಳೀತು. ರಸ್ತೆ ಬದಿಯ ಚಹಾ ಅಂಗಡಿ ಹೋಯ್ತು, ನಿಂತಿದ್ದ ವಾಹನ ಗಂಗಾವಳಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ನದಿ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡೀತು. ಒಟ್ಟು ಹನ್ನೊಂದು ಜನ ಹೋದರು. ಅವರಲ್ಲಿ ಒಬ್ಬ ಕೇರಳದ ಲಾರಿ ಚಾಲಕ. ಈಗ ನೀನು ಹೇಳು, ಆ ಎರಡು ತಿಂಗಳು ದೇಶಕ್ಕೆ ಗೊತ್ತಾದ ಹೆಸರು ಎಷ್ಟು?

ಹುಡುಗಿ: ಒಂದು. ಲಾರಿ ಚಾಲಕನದು.

ಮಾವ: ಮಲಯಾಳಂ ಚಾನೆಲ್ಲುಗಳ ಓಬಿ ವ್ಯಾನ್ ಸಾಲಾಗಿ ನಿಂತವು. ಲಾರಿಯ ಜಿಪಿಎಸ್ಸು, ನದಿಯ ಆಳ, ಡ್ರೋನು, ಮುಳುಗುಗಾರರು ಅಂತ ಗಂಟೆಗೊಂದು ಬ್ರೇಕಿಂಗ್. ಸೆಪ್ಟೆಂಬರ್ 25ಕ್ಕೆ ಲಾರಿಯೂ ಅವನ ದೇಹವೂ ಸಿಕ್ಕಿತು. ಅವತ್ತಿಗೂ ನಮ್ಮ ಕಡೆಯವರಿಬ್ಬರು ಸಿಕ್ಕಿರಲಿಲ್ಲ. ಆದರೆ ಬಹಳಷ್ಟು ಕ್ಯಾಮೆರಾಗಳ ಪಾಲಿಗೆ ಕಥೆ ಅಲ್ಲಿಗೆ ಮುಗೀತು.

ಹುಡುಗಿ: ಇಲ್ಲಿ ನಾನು ನಿಮ್ಮ ಮಾತು ಪೂರ್ತಿ ಒಪ್ಪೋದಿಲ್ಲ ಮಾವ. ಕೇರಳದವರನ್ನ ಬೈಯೋದು ಸುಲಭ. ಆ ಗದ್ದಲ ಇಲ್ಲದಿದ್ರೆ ಗೋವಾದಿಂದ ಡ್ರೆಜರ್ ಬರ್ತಿತ್ತಾ? ಮಂತ್ರಿಗಳು ಮತ್ತೆ ಮತ್ತೆ ಬರ್ತಿದ್ರಾ? ತಮ್ಮ ಊರಿನ ಒಬ್ಬ ಹುಡುಗನಿಗಾಗಿ ಅವರ ಪತ್ರಕರ್ತರು ಮಳೆಯಲ್ಲಿ ನಿಂತ್ರು. ನಮ್ಮವರಿಗಾಗಿ ನಾವು ಹಾಗೆ ನಿಲ್ಲಲಿಲ್ಲ ಅನ್ನೋದು ಅವರ ತಪ್ಪಾ?

ಮಾವ: ಅವರ ತಪ್ಪಲ್ಲ. ನಾನು ಬೈತಾನೂ ಇಲ್ಲ. ಅವರು ನಿಂತಿದ್ದಕ್ಕೆ ಹುಡುಕಾಟ ನಿಲ್ಲಲಿಲ್ಲ ಅನ್ನೋದು ನಿಜ. ಆದರೆ ಹೀಗೆ ಯಾಕಾಗತ್ತೆ ಅನ್ನೋದಕ್ಕೆ ನನ್ನ ಹತ್ತಿರ ಇದ್ದಿದ್ದು ಬರೀ ಸಿಟ್ಟು. ಇದರ ಮೇಲೆ 1965ರಲ್ಲೇ ಒಂದು ಪ್ರಬಂಧ ಬಂದಿದೆ. ನಾರ್ವೆಯ ಗಾಲ್ಟುಂಗ್ ಮತ್ತು ರೂಗೆ ಅನ್ನೋ ಇಬ್ಬರು, ತಮ್ಮ ದೇಶದ ಪತ್ರಿಕೆಗಳಲ್ಲಿ ಕಾಂಗೊ, ಕ್ಯೂಬಾ, ಸೈಪ್ರಸ್‌ನ ಬಿಕ್ಕಟ್ಟಿನ ಸುದ್ದಿ ಹೇಗೆ ಬಂತು ಅಂತ ಕೂತು ನೋಡಿದರು. ಘಟನೆ ಸುದ್ದಿಯಾಗಬೇಕಾದರೆ ಏನೇನಿರಬೇಕು ಅಂತ ಪಟ್ಟಿ ಮಾಡಿದರು. ಓದುಗನಿಗೆ ಹತ್ತಿರದವರಾಗಿರಬೇಕು, ಒಬ್ಬ ವ್ಯಕ್ತಿಯ ಸುತ್ತ ಹೆಣೆಯೋ ಹಾಗಿರಬೇಕು, ಒಮ್ಮೆ ಸುದ್ದಿಯಾದದ್ದು ಮರುದಿನವೂ ಸುದ್ದಿಯಾಗಿ ಮುಂದುವರೀಬೇಕು. ಈ ಪಟ್ಟಿ ಹಿಡಿದು ಶಿರೂರಿಗೆ ಹೋಗು. ಲಾರಿ ಚಾಲಕನ ಕಥೆ ಯಾಕೆ ದೇಶ ಸುತ್ತಿತು, ಉಳುವರೆಯಲ್ಲಿ ಜೀವ ಕಳಕೊಂಡ ಹೆಂಗಸಿನ ಕಥೆ ಯಾಕೆ ಜಿಲ್ಲಾ ಪುಟ ದಾಟಲಿಲ್ಲ ಅಂತ ಒಂದೊಂದಾಗಿ ಬಿಡಿಸಬಹುದು. ಸಿಟ್ಟು ಮಾಡಿಕೊಂಡರೆ ಮುಂದಿನ ಸಲವೂ ಹಾಗೇ ಆಗತ್ತೆ. ಕಾರಣ ಗೊತ್ತಿದ್ದವಳು ಮೊದಲ ದಿನವೇ ಹನ್ನೊಂದು ಹೆಸರು ಬರೆದಿಟ್ಟುಕೊಂಡು, ದಿನಾ ಒಂದೊಂದು ಮನೆಗೆ ಹೋಗ್ತಾಳೆ.

ಹುಡುಗಿ: ಹೋಗಿ ಬರೆದ್ಲು ಅಂತಿಟ್ಟುಕೊಳ್ಳಿ. ಹಾಕ್ತಾರಾ?

ಮಾವ: ಅದಕ್ಕೂ ಒಂದು ಪಾಠ ಇದೆ. 1949ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಅನ್ನೋನು ಅಮೆರಿಕದ ಒಂದು ನಗರದ ಪತ್ರಿಕೆಯ ಡೆಸ್ಕಿನವನಿಗೆ ಹೇಳಿದ, ಒಂದು ವಾರ ನೀನು ಕಸದ ಬುಟ್ಟಿಗೆ ಹಾಕೋ ಪ್ರತಿ ಸುದ್ದಿಯ ಮೇಲೂ ಯಾಕೆ ಹಾಕಿದೆ ಅಂತ ಬರೆ. ಬಂದ ಏಜೆನ್ಸಿ ಸುದ್ದಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬುಟ್ಟಿಗೆ ಹೋಗಿತ್ತು. ‘ಜಾಗ ಇಲ್ಲ’ ಅನ್ನೋದರ ಜತೆಗೆ, ‘ಆಸಕ್ತಿ ಹುಟ್ಟಿಸಲಿಲ್ಲ’ ಅನ್ನೋ ತರದ ಅವನ ಸ್ವಂತ ಅಭಿಪ್ರಾಯಗಳೂ ಇದ್ದವು. ಬಲೆಯ ಕಣ್ಣು ಎಷ್ಟಿದೆಯೋ ಅದರ ಮೇಲೆ ಮೀನು. ನಮ್ಮ ಸುದ್ದಿ ಘಟ್ಟ ಹತ್ತಿ ಹುಬ್ಬಳ್ಳಿಯ ಡೆಸ್ಕಿಗೆ ಹೋಗತ್ತೆ. ಅಲ್ಲಿ ಕೂತವನಿಗೆ ಶಿರೂರು ಯಾವುದು, ಉಳುವರೆ ಯಾವುದು ಗೊತ್ತಿರಬೇಕಾಗಿಲ್ಲ.

ಹುಡುಗಿ: ಈಗ ಜಿಲ್ಲೆಗೊಂದು ಆವೃತ್ತಿ ಇದೆಯಲ್ಲ. ಜಾಗ ಬೇಕಾದಷ್ಟು ಸಿಗತ್ತೆ.

ಮಾವ: ಸಿಗತ್ತೆ. ಕಾರವಾರದಿಂದಲೇ ಹೊರಡೋ ‘ಕರಾವಳಿ ಮುಂಜಾವು’ ಇದೆ, ಶಿರಸಿಯ ‘ಲೋಕಧ್ವನಿ’ ಇದೆ, ದೊಡ್ಡ ಪತ್ರಿಕೆಗಳ ಜಿಲ್ಲಾ ಪುಟ ಇದೆ. ಆದರೆ ಜಿಲ್ಲಾ ಪುಟದಲ್ಲಿ ಒಂದು ತೊಡಕಿದೆ. ಅಂಕೋಲೆಯ ಸಂಕಟವನ್ನ ಅಂಕೋಲೆಯವರೇ ಓದ್ತಾರೆ. ಅವರಿಗೆ ಅದು ಮೊದಲೇ ಗೊತ್ತಿರತ್ತೆ. ತೀರ್ಮಾನ ಮಾಡೋ ಬೆಂಗಳೂರಿನವನ ಮನೆಗೆ ಆ ಪುಟ ಹೋಗೋದೇ ಇಲ್ಲ. ಮೊದಲು ಜಾಗ ಇಲ್ಲದೆ ಸುದ್ದಿ ಸಾಯ್ತಿತ್ತು, ಈಗ ಜಾಗ ಇದ್ದೂ ಜಿಲ್ಲೆಯ ಗಡಿಯಲ್ಲಿ ನಿಲ್ಲತ್ತೆ.

ಹುಡುಗಿ: ಶಿರೂರು ಆದ 22 ದಿನಕ್ಕೆ, ಆಗಸ್ಟ್ 7ರ ನಡುರಾತ್ರಿ ಕೋಡಿಬಾಗದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತಲ್ಲ, ಅದು ಮಾತ್ರ ದೇಶಕ್ಕೆಲ್ಲ ಹೋಯ್ತು.

ಮಾವ: ಲಾರಿ ನೀರಿಗೆ ಬಿದ್ದಿತ್ತು, ಚಾಲಕ ಮೇಲೆ ಕೂತಿದ್ದ, ಮೀನುಗಾರರು ಜೀವ ಉಳಿಸಿದರು. ಚಿತ್ರ ಇತ್ತು, ಹೋಯ್ತು. ನಾಲ್ಕು ದಶಕ ಹಳೇ ಸೇತುವೆಯನ್ನ ಕೊನೇ ಸಲ ಯಾರು ಪರೀಕ್ಷೆ ಮಾಡಿದರು, ಅವರು ಏನು ಬರೆದರು ಅನ್ನೋದಕ್ಕೆ ಚಿತ್ರ ಇಲ್ಲ. ಅದು ಕಾಗದದಲ್ಲಿರತ್ತೆ. ಕ್ಯಾಮೆರಾ ಹೋದ ಮೇಲೆ ಉಳಿಯೋದು ಆ ಕಾಗದ. ಅದನ್ನ ಓದೋಕೆ ಬರೋ ಒಬ್ಬಳು ಊರಲ್ಲಿ ಬೇಕು. ಧಾರವಾಡಕ್ಕೆ ಹೋಗು ಅಂತ ನಾನು ಹೇಳ್ತಿರೋದು ಅಷ್ಟಕ್ಕೇ.

ಹುಡುಗಿ: ಕಾಗದ ಓದೋದನ್ನ ಕಲಿಸ್ತಾರಾ ಅಲ್ಲಿ?

ಮಾವ: ಕಲಿಸ್ತೇವೆ ಅಂತ ಬೋರ್ಡ್ ಹಾಕಿರೋದಿಲ್ಲ. ಮಾಧ್ಯಮ ಕಾನೂನು, ವರದಿಗಾರಿಕೆ, ಸಂಶೋಧನಾ ವಿಧಾನ ಅಂತ ಪೇಪರುಗಳಿರ್ತವೆ. ನೀನು ಅವುಗಳಿಂದ ಹಿಂಡಿಕೊಳ್ಳಬೇಕು. ಈಗ ಇಲ್ಲೇ ಒಂದು ತಾಲೀಮು ಮಾಡೋಣ. ನಮ್ಮ ಪುಟಗಳಲ್ಲಿ ವಾರಕ್ಕೊಂದು ಸಲ ಬರೋ ವಾಕ್ಯ: ‘ಗುಡ್ಡ ಕುಸಿದು ಸಂಚಾರ ಅಸ್ತವ್ಯಸ್ತಗೊಂಡಿದ್ದು, ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು.’ ಇದನ್ನ ತಿದ್ದು.

ಹುಡುಗಿ: ಯಾವ ಅಧಿಕಾರಿ ಅಂತಿಲ್ಲ. ಹೆದ್ದಾರಿ ಪ್ರಾಧಿಕಾರದವರಾ, ತಹಶೀಲ್ದಾರರಾ, ಗಣಿ ಮತ್ತು ಭೂವಿಜ್ಞಾನ ಇಲಾಖೆಯವರಾ?

ಮಾವ: ಸರಿ. ಮುಂದೆ?

ಹುಡುಗಿ: ಪರಿಶೀಲನೆ ಮಾಡಿ ಏನು ಕಂಡ್ರು ಅಂತಿಲ್ಲ.

ಮಾವ: ಪರಿಶೀಲಿಸಿದರೆ ಒಂದು ವರದಿ ಇರಬೇಕು. ವರದಿ ಇದ್ದರೆ ಅದು ಯಾವುದೋ ಮೇಜಿಗೆ ಹೋಗಿರಬೇಕು. ಆ ಮೇಜಿನವರು ಏನಾದರೂ ಮಾಡಿರಬೇಕು, ಇಲ್ಲ ಮಾಡದೆ ಬಿಟ್ಟಿರಬೇಕು. ಒಂದು ಕ್ರಿಯಾಪದದಲ್ಲಿ ನಾಲ್ಕು ಸುದ್ದಿ ಮುಚ್ಚಿಹೋಗಿದೆ. ಈಗ ಮಾಹಿತಿ ಹಕ್ಕಿನ ಅರ್ಜಿ ಬರೆ.

ಹುಡುಗಿ: ‘ಶಿರೂರಿನ ಗುಡ್ಡವನ್ನು ಅವೈಜ್ಞಾನಿಕವಾಗಿ ಯಾಕೆ ಕಡಿದಿರಿ?’

ಮಾವ: ಉತ್ತರ ಬರೋದಿಲ್ಲ. 2005ರ ಕಾಯ್ದೆ ‘ಯಾಕೆ’ಗೆ ಉತ್ತರ ಕೊಡಿ ಅಂತ ಹೇಳೋದಿಲ್ಲ, ಕಡತದಲ್ಲಿ ಇರೋದನ್ನ ಕೊಡಿ ಅಂತ ಹೇಳತ್ತೆ. ಹೀಗೆ ಬರೆ: ‘ಇಂಥ ಕಿಲೋಮೀಟರಿನಿಂದ ಇಂಥ ಕಿಲೋಮೀಟರಿನವರೆಗೆ ಗುಡ್ಡದ ಇಳಿಜಾರಿನ ಭದ್ರತೆ ಕುರಿತು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಸಲ್ಲಿಕೆಯಾದ ಪರಿಶೀಲನಾ ವರದಿಗಳ ದೃಢೀಕೃತ ಪ್ರತಿ ಒದಗಿಸಿ.’ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸು. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು, ಅಲ್ಲಿ 500 ಪದದವರೆಗೆ ನಡೆಯತ್ತೆ. ಅದೇ ತಹಶೀಲ್ದಾರರಿಗೆ ಹಾಕಿದರೆ ಕರ್ನಾಟಕದ ನಿಯಮ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೂವತ್ತು ದಿನ ಕಾಯಬೇಕು. ಬಾರದಿದ್ದರೆ ಮೇಲ್ಮನವಿ. ಮಾಧ್ಯಮ ಕಾನೂನು ಪೇಪರಿನಲ್ಲಿ ಐದು ಅಂಕಕ್ಕೆ ಬಾಯಿಪಾಠ ಮಾಡಿ ಮರೆಯೋರು ಇದನ್ನೇ.

ಹುಡುಗಿ: ಮೂವತ್ತು ದಿನ ಆಗೋದರೊಳಗೆ ಸುದ್ದಿ ಹಳಸಿರತ್ತಲ್ಲ ಮಾವ.

ಮಾವ: ಕ್ಯಾಮೆರಾದವನಿಗೆ ಹಳಸತ್ತೆ. ಊರಿನವಳಿಗೆ ಹಳಸೋದಿಲ್ಲ. ಮುಂದಿನ ಜೂನಿಗೆ ಮಳೆ ಬಂದೇ ಬರತ್ತೆ, ಗುಡ್ಡ ಅಲ್ಲೇ ಇರತ್ತೆ. ಬೇಲೆಕೇರಿ ಬಂದರು ನೋಡು. ಕಬ್ಬಿಣದ ಅದಿರಿನ ಲಾರಿಗಳು ಅಂಕೋಲೆಯ ರಸ್ತೆಯಲ್ಲಿ ಸಾಲುಗಟ್ಟಿ ಹೋಗಿದ್ದನ್ನ ನಾವೆಲ್ಲ ನೋಡಿದವರೇ. ಕೆಂಪು ಧೂಳು ತಿಂದೆವು, ಧೂಳಿನ ಸುದ್ದಿ ಬರೆದೆವು. 2010ರಲ್ಲಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಮಾಯವಾಯ್ತು. ಆದರೆ ಪರ್ಮಿಟ್ಟು, ತೂಕದ ಚೀಟಿ, ಬ್ಯಾಂಕ್ ಲೆಕ್ಕ ಎಲ್ಲ ಜೋಡಿಸಿ ಅದರ ಜಾಲವನ್ನ ತೋರಿಸಿದ್ದು ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ 2011ರ ಜುಲೈ ವರದಿ, ಅದರ ಹಿಂದಿದ್ದ ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ತಂಡ. ಕಣ್ಣಿಗೆ ಕಂಡಿದ್ದು ನಮಗೆ, ಕೂಡಿಸಿ ನೋಡೋಕೆ ಬಂದಿದ್ದು ಅವರಿಗೆ.

ಹುಡುಗಿ: ಪತ್ರಕರ್ತನಿಗೆ ಲೋಕಾಯುಕ್ತರ ಅಧಿಕಾರ ಇಲ್ಲ. ಬ್ಯಾಂಕ್ ಲೆಕ್ಕ ಕೇಳಿದ್ರೆ ಕೊಡೋರು ಯಾರು?

ಮಾವ: ಅದು ನಿಜ, ಒಪ್ಪಿದೆ. ಹಾಗಿದ್ದರೆ ಕೇಳದೇನೇ ಕೊಡೋ ಕಾಗದ ತಗೋ. ಕೇಣಿಯಲ್ಲಿ ಬಂದರು ಮಾಡೋ ಪ್ರಸ್ತಾವ ಬಂತು, ಮೀನುಗಾರರು ಬೀದಿಗಿಳಿದರು. ಇಂಥ ಯೋಜನೆಗೆ 2006ರ ಪರಿಸರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಆಗಲೇಬೇಕು. ಮೂವತ್ತು ದಿನ ಮೊದಲು ನೋಟಿಸ್ ಕೊಡಬೇಕು, ಪರಿಸರ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಸಭೆಯ ದಿನ ಯಾರು ಕೂಗಿದರು, ಯಾರು ಮೈಕ್ ಕಿತ್ತುಕೊಂಡರು ಅಂತ ಎಲ್ಲರೂ ಬರೀತಾರೆ. ಆ ದಪ್ಪ ವರದಿಯ ಒಳಗೆ ನೀರು, ಮೀನು, ಗಾಳಿಯ ಲೆಕ್ಕ ಇರತ್ತೆ. ಅದನ್ನ ಯಾವ ತಿಂಗಳಲ್ಲಿ ತೆಗೆದರು ಅಂತ ನೋಡಿದವರು ಎಷ್ಟು ಜನ?

ಹುಡುಗಿ: ಯಾವ ತಿಂಗಳಾದ್ರೆ ಏನು?

ಮಾವ: ಮೀನುಗಾರರ ಊರಿನ ಹುಡುಗಿ ಕೇಳೋ ಪ್ರಶ್ನೆಯಾ ಇದು? ಇಂಥ ವರದಿಗಳಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಲೆಕ್ಕ ಸಾಕು ಅಂತ ಪದ್ಧತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಕಡಲಿಗೂ ಅಳಿವೆಗೂ ಇಳಿಯೋರು ನಾಡದೋಣಿಯವರು. ಅವರಿಗೆ ಮಳೆಗಾಲವೇ ದುಡಿಮೆ. ಮಳೆಗಾಲ ಬಿಟ್ಟು ಲೆಕ್ಕ ಮಾಡಿದ ವರದಿಯಲ್ಲಿ ನಾಡದೋಣಿಯವನ ಬದುಕು ಎಷ್ಟು ಕಾಣತ್ತೆ?

ಹುಡುಗಿ: ಅಂದ್ರೆ ಮಾದರಿ ಯಾವುದು ತಗೊಂಡ್ರು ಅನ್ನೋದರ ಮೇಲೆ ಉತ್ತರ.

ಮಾವ: ಸಂಶೋಧನಾ ವಿಧಾನ ಅನ್ನೋ ಪೇಪರಿನಲ್ಲಿ ಮಾದರಿ ಆಯ್ಕೆ ಅಂತ ಒಂದು ಪಾಠ ಬರತ್ತೆ. ಹುಡುಗರು ಅದನ್ನ ಓದ್ತಾ ಓದ್ತಾ ತೂಕಡಿಸ್ತಾರೆ. ನೀನು ತೂಕಡಿಸಬೇಡ. ಆ ಪಾಠವೂ ಕೇಣಿಯ ದೋಣಿಯೂ ಎರಡೂ ಗೊತ್ತಿರೋ ಒಬ್ಬಳು ಸಿಕ್ಕರೆ ಅಹವಾಲು ಸಭೆಯ ಸುದ್ದಿಯೇ ಬೇರೆಯಾಗತ್ತೆ. ಬೆಂಗಳೂರಿನಿಂದ ಬಂದವನಿಗೆ ಪಾಠ ಗೊತ್ತು, ದೋಣಿ ಗೊತ್ತಿಲ್ಲ. ನಮಗೆ ದೋಣಿ ಗೊತ್ತು.

ಹುಡುಗಿ: ಕೈಗಾ, ಸೀಬರ್ಡ್? ಅಲ್ಲಿ ಕಾಗದ ಕೇಳಿದ್ರೆ ಪೊಲೀಸರು ಬರ್ತಾರೆ ಅಂತಾರೆ.

ಮಾವ: ಅದಕ್ಕೇ ಕಾನೂನು ಓದು ಅನ್ನೋದು. ಕಾರವಾರ ಒಂದೇ ತಾಲ್ಲೂಕಿನಲ್ಲಿ ಕೈಗಾ ಅಣುಸ್ಥಾವರವೂ ಸೀಬರ್ಡ್ ನೌಕಾನೆಲೆಯೂ ಇರೋ ಜಿಲ್ಲೆ ನಮ್ಮದು. 1923ರ ಅಧಿಕೃತ ರಹಸ್ಯ ಕಾಯ್ದೆ ಇದೆ, ಅಣುಶಕ್ತಿಯ ಕಾನೂನು ಇದೆ. ಎಲ್ಲಿ ಬೇಲಿ ಇದೆ ಅಂತ ಗೊತ್ತಿಲ್ಲದವನು ಬೇಲಿಯಿಂದ ಹತ್ತು ಮಾರು ಹಿಂದೆಯೇ ನಿಲ್ತಾನೆ. ಹಡಗು ಎಲ್ಲಿ ನಿಲ್ಲತ್ತೆ ಅನ್ನೋದು ನಿನಗೆ ಬೇಡ. ಅರ್ಗಾ, ಚೆಂಡಿಯಾ ಕಡೆ ಜಮೀನು ಕಳಕೊಂಡವರ ಪರಿಹಾರದ ತೀರ್ಪು, ಪುನರ್ವಸತಿಯ ನಿವೇಶನ, ಇವು ರಹಸ್ಯ ಅಲ್ಲ, ಕೋರ್ಟಿನ ದಾಖಲೆ. ಐಎನ್‌ಎಸ್ ಕದಂಬ ಅನ್ನೋ ಆ ನೆಲೆ 2005ರಲ್ಲಿ ನೌಕಾಪಡೆ ಸೇರಿತು. ಪರಿಹಾರದ ವ್ಯಾಜ್ಯ ಆಮೇಲೂ ಎಷ್ಟೋ ಕಾಲ ಎಳೀತು. ಮಾನಹಾನಿ ವಿಷಯವೂ ಅಷ್ಟೇ. ವಕೀಲರ ನೋಟಿಸ್ ಬಂದ ದಿನ ತಾಲ್ಲೂಕು ವರದಿಗಾರ ಒಬ್ಬನೇ ಇರ್ತಾನೆ. ಹಿಂದೆ ಐಪಿಸಿ 499, 500 ಅಂತಿದ್ದಿದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356 ಆಯ್ತು. ಸೆಕ್ಷನ್ನಿನ ಕೆಳಗಿನ ವಿನಾಯಿತಿಗಳನ್ನ ಓದಿಕೊಂಡವನಿಗೆ ಅರ್ಧ ಹೆದರಿಕೆ ಅಲ್ಲೇ ಹೋಗತ್ತೆ.

ಹುಡುಗಿ: ಕೈಗಾದ ಸುದ್ದಿ ಅಂದ್ರೆ ಇನ್ನೊಂದು ತೊಂದರೆ. ಅರ್ಥವೇ ಆಗೋದಿಲ್ಲ.

ಮಾವ: 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯೋ ನೀರಿನ ಕೂಲರಿನಲ್ಲಿ ಟ್ರಿಷಿಯಂ ಸೇರಿತ್ತು. ಕಾರ್ಮಿಕರ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಗೊತ್ತಾಯ್ತು. ‘ಏನೂ ಆಗಿಲ್ಲ’ ಅನ್ನೋ ಪ್ರೆಸ್‌ನೋಟಿಗೂ, ‘ಕಾರವಾರ ಹೋಯ್ತು’ ಅನ್ನೋ ಗಾಳಿಮಾತಿಗೂ ನಡುವೆ ಓದುಗ ಸಿಕ್ಕಿಹಾಕಿಕೊಂಡ. ಮಿತಿ ಎಷ್ಟು, ಮೈಗೆ ಸೇರಿದ್ದೆಷ್ಟು, ಎಷ್ಟು ದಿನಕ್ಕೆ ಹೊರಗೆ ಹೋಗತ್ತೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳೋರು ಬೇಕಿತ್ತು. ವಿಜ್ಞಾನ ಸಂವಹನ ಅನ್ನೋ ಪಾಠ ಇರೋದು ಅದಕ್ಕೆ.

ಹುಡುಗಿ: ಇಷ್ಟು ಹೊತ್ತು ನೀವು ಹೇಳಿದಿರಿ, ಈಗ ನಾನೊಂದು ಹೇಳ್ಲಾ? ಎಲ್ಲಕ್ಕೂ ಕಾಗದ ಇರೋದಿಲ್ಲ ಮಾವ. ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತಗೊಂಡ ಫೋಟೊ ನೆನಪಿದೆಯಲ್ಲ? ನನ್ನ ಫೋನಿಗೆ ಅದು ಎಷ್ಟು ಕಡೆಯಿಂದ ಬಂತೋ. ಎಲ್ಲದರಲ್ಲೂ ಬರಿಗಾಲು, ಮಣಿಸರ, ಸೀರೆ ಉಟ್ಟ ರೀತಿ. ಅರಣ್ಯ ಇಲಾಖೆ ನರ್ಸರಿಯಲ್ಲಿ ದಿನಗೂಲಿಯಾಗಿ ದುಡಿದ ಹೆಂಗಸು ಅನ್ನೋದು ಕೆಲವದರಲ್ಲಿ ಒಂದು ಸಾಲು. ಅವರ ಸಮುದಾಯವಾದ ಹಾಲಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳ್ತಿರೋದು ಎಷ್ಟು ಜನ ಬರೆದ್ರು?

ಮಾವ: ಬಡಿಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಕಥೆಯೂ ಹಾಗೇ. ಹಾಡು ಎಲ್ಲರಿಗೂ ಬೇಕಿತ್ತು. ಸಾರಾಯಿ ವಿರುದ್ಧ ಅವರು ಎದ್ದು ನಿಂತಿದ್ದು ಹಾಡಿನ ಕೆಳಗಿನ ಅಡಿಟಿಪ್ಪಣಿಯಾಯ್ತು.

ಹುಡುಗಿ: ಹೊಗಳಿಕೆಯಲ್ಲೇ ಒಬ್ಬರನ್ನ ಚಿಕ್ಕವರನ್ನಾಗಿ ಮಾಡಬಹುದು. ಕೆಲಸಗಾರ್ತಿಯನ್ನ ವೃಕ್ಷಮಾತೆ ಅಂದುಬಿಟ್ರೆ ಆಮೇಲೆ ಕೂಲಿಯ ಪ್ರಶ್ನೆ ಕೇಳೋ ಹಾಗಿಲ್ಲ, ದೇವರಿಗೆ ಸಂಬಳ ಎಷ್ಟು ಅಂತ ಯಾರೂ ಕೇಳೋದಿಲ್ಲ. ನಿಮ್ಮ ಆರ್‌ಟಿಐ ಅರ್ಜಿಯಲ್ಲಿ ಇದು ಸಿಗೋದಿಲ್ಲ ಮಾವ. ನನಗೆ ಓದಬೇಕು ಅನ್ನಿಸಿದ್ದು ಇದನ್ನ. ಒಂದು ಚಿತ್ರ ಏನು ತೋರಿಸ್ತು ಅನ್ನೋದರ ಜತೆಗೆ ಏನು ಮುಚ್ಚಿತು ಅಂತ ನೋಡೋದು.

ಮಾವ: ಇದನ್ನೇ ಭಾವನ ಎದುರು ಹೇಳಿದ್ದರೆ ನನ್ನ ಶಿಫಾರಸ್ಸೇ ಬೇಕಾಗಿರಲಿಲ್ಲ.

ಹುಡುಗಿ: ಹೇಳಿದೆ. ‘ದಿನಕರ ದೇಸಾಯಿ ಯಾವ ಕೋರ್ಸ್ ಮಾಡಿ ಪೇಪರ್ ನಡೆಸಿದ್ರು?’ ಅಂದ್ರು.

ಮಾವ: ಅಂಕೋಲೆಯಲ್ಲಿ ಯಾವ ವಾದವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲತ್ತೆ! ಆ ಪ್ರಶ್ನೆಗೆ ಉತ್ತರ ಇದೆ, ಬರೆದುಕೋ. ‘ಜನಸೇವಕ’ ವಾರಪತ್ರಿಕೆ ನಡೆಸೋ ಮೊದಲು ದೇಸಾಯರು ಮುಂಬಯಿಯಲ್ಲಿ ಭಾರತ ಸೇವಕ ಸಮಾಜಕ್ಕೆ ಸೇರಿದ್ದರು. ಗೋಖಲೆಯವರು 1905ರಲ್ಲಿ ಕಟ್ಟಿದ ಸಮಾಜ ಅದು. ಸೇರಿದವನಿಗೆ ಐದು ವರ್ಷ ತರಬೇತಿ. ಓದಬೇಕು, ತಿರುಗಬೇಕು, ಅಂಕಿಅಂಶ ಕೂಡಿಸಬೇಕು, ಆಮೇಲೆ ಸಾರ್ವಜನಿಕ ಕೆಲಸ. ಆಫ್ರಿಕಾದಿಂದ ಬಂದ ಗಾಂಧಿಗೂ ಗೋಖಲೆ ಹೇಳಿದ್ದು ಅದನ್ನೇ, ಒಂದು ವರ್ಷ ಭಾಷಣ ಬೇಡ, ದೇಶ ನೋಡು. ದೇಸಾಯರು ಆ ಸಮಾಜದಲ್ಲಿದ್ದಾಗ ಪ್ರಾಥಮಿಕ ಶಿಕ್ಷಣದ ಮೇಲೆ, ಹಡಗಿನ ಕೂಲಿಕಾರರ ಮೇಲೆ ಇಂಗ್ಲಿಷಿನಲ್ಲಿ ಅಧ್ಯಯನ ಗ್ರಂಥ ಬರೆದರು. 1940ರಲ್ಲಿ ರೈತರ ಹೋರಾಟಕ್ಕಾಗಿ ಅವರನ್ನ ಜಿಲ್ಲೆಯಿಂದ ಗಡಿಪಾರು ಮಾಡಿದರು. ಗೇಣಿಯ ಲೆಕ್ಕ ಗೊತ್ತಿದ್ದವರು, ಅದನ್ನ ಒಕ್ಕಲಿಗನ ಮಾತಿನಲ್ಲಿ ಹೇಳೋಕೂ ಗೊತ್ತಿದ್ದವರು. ಸರಕಾರಕ್ಕೆ ಭಯ ಹುಟ್ಟಿದ್ದೇ ಅದಕ್ಕೆ. ಜನ ಅವರ ಚುಟುಕ ನೆನಪಿಟ್ಟುಕೊಂಡರು, ಅದರ ಹಿಂದಿನ ಓದನ್ನ ಮರೆತರು.

ಹುಡುಗಿ: ನಮ್ಮ ಊರಿನ ಕಾಲೇಜಿಗೆ ಗೋಖಲೆ ಹೆಸರು ಯಾಕೆ ಅಂತ ಈಗ ತಿಳೀತು.

ಮಾವ: 1966, ಗೋಖಲೆಯವರು ಹುಟ್ಟಿ ನೂರು ವರ್ಷ. ಆ ವರ್ಷ ಕೆನರಾ ವೆಲ್‌ಫೇರ್ ಟ್ರಸ್ಟ್ ಕಾಲೇಜು ತೆರೀತು. ಟ್ರಸ್ಟ್ ಕಟ್ಟಿದ್ದೂ ದೇಸಾಯರೇ. ಭಾವನಿಗೆ ಹೇಳು, ದೇಸಾಯರು ಕೋರ್ಸ್ ಮಾಡಲಿಲ್ಲ, ಅದಕ್ಕಿಂತ ದೊಡ್ಡದನ್ನ ಮಾಡಿ ಬಂದಿದ್ದರು. ಈಗ ನಿನ್ನ ಮುಂದಿರೋದು ಎರಡು ವರ್ಷದ ಎಂ.ಎ. ಇದ್ದಿದ್ದರಲ್ಲಿ ಅಷ್ಟು.

ಹುಡುಗಿ: ಎಲ್ಲಿ ಮಾಡಲಿ? ಧಾರವಾಡವಾ, ಮಂಗಳಗಂಗೋತ್ರಿಯಾ, ಉಜಿರೆಯಾ?

ಮಾವ: ಮೂರೂ ಕಡೆ ಇದೆ. ಉಜಿರೆಯಲ್ಲಿ ಸ್ಟುಡಿಯೊ ಕೆಲಸಕ್ಕೆ ಕೈ ಹಾಕಿಸ್ತಾರೆ ಅಂತ ಕೇಳಿದೇನೆ. ಮಂಗಳೂರಿಗೆ ರೈಲಿದೆ. ಧಾರವಾಡ ನಮ್ಮದೇ ವಿಶ್ವವಿದ್ಯಾಲಯ. ಕಡಲು ಓದಬೇಕಾದವರು ಕೋಡಿಬಾಗದ ಕಡಲ ಜೀವಶಾಸ್ತ್ರ ವಿಭಾಗಕ್ಕೆ ಇಳಿದು ಬರ್ತಾರೆ, ಸುದ್ದಿ ಓದಬೇಕಾದವರು ಅರಬೈಲು ಘಟ್ಟ ಹತ್ತಿ ಧಾರವಾಡಕ್ಕೆ ಹೋಗ್ತಾರೆ. ಎಲ್ಲಿ ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳ ಕಟ್ಟು ಕೈಗೆ ಕೊಡ್ತಾರೋ, ಎಲ್ಲಿ ಪ್ರಬಂಧದ ವಿಷಯ ನಿನಗೇ ಬಿಡ್ತಾರೋ ಅಲ್ಲಿ ಸೇರು. ಫೀಸು, ಹಾಸ್ಟೆಲ್ ವಿಷಯ ಅಪ್ಪನ ಜತೆ ಕೂತು ಲೆಕ್ಕ ಹಾಕು.

ಹುಡುಗಿ: ಆಮೇಲೆ ಕೆಲಸ?

ಮಾವ: ಅದನ್ನ ಸುಳ್ಳು ಹೇಳೋದಿಲ್ಲ. ಓದಿದವರೆಲ್ಲ ಪತ್ರಿಕೆಗೆ ಹೋಗೋದಿಲ್ಲ. ಜಾಹೀರಾತು ಕಂಪನಿ, ಸಾರ್ವಜನಿಕ ಸಂಪರ್ಕ, ವೆಬ್‌ಸೈಟಿಗೆ ಬರೆಯೋದು, ವಾರ್ತಾ ಇಲಾಖೆಯ ಪರೀಕ್ಷೆ, ನೆಟ್ ಪಾಸಾದರೆ ಉಪನ್ಯಾಸಕಿ. ಕಾರವಾರದಲ್ಲಿ ಆಕಾಶವಾಣಿ ಇದೆ. ನಿನಗೆ ಕೊಂಕಣಿ ಬರತ್ತೆ, ಮರಾಠಿ ಓದ್ತೀಯ, ಕನ್ನಡ ಬರೀತೀಯ. ಕಾಳಿ ನದಿಯ ಆಚೆ ಈಚೆ ಎರಡೂ ಕಡೆಯ ಪತ್ರಿಕೆ ಓದೋಕೆ ಬರೋರು ಡೆಸ್ಕಿನಲ್ಲಿ ಕಮ್ಮಿ. ಅದು ನಿನ್ನ ಬಲ.

ಹುಡುಗಿ: ನೀವು ಜಾಣತನದಿಂದ ಒಂದು ಬಿಟ್ಟುಬಿಟ್ರಿ. ಊರಿಗೆ ವಾಪಸ್ ಬಂದು, ಗುಡ್ಡದ ಕಾಗದ ಓದಿ, ದೋಣಿಯವರ ಲೆಕ್ಕ ಹಾಕಿ, ಮೂವತ್ತು ದಿನ ಕಾದು ಬರೆಯೋವಳಿಗೆ ಸಂಬಳ ಯಾರು ಕೊಡ್ತಾರೆ? ತಾಲ್ಲೂಕು ವರದಿಗಾರನಿಗೆ ಸುದ್ದಿಯ ಜತೆ ಪುರವಣಿಗೆ ಜಾಹೀರಾತೂ ತರಬೇಕು ಅಂತ ಟಾರ್ಗೆಟ್ ಇರತ್ತಲ್ಲ? ಯಾರ ಹತ್ತಿರ ಜಾಹೀರಾತು ಕೇಳಬೇಕೋ ಅವರ ಕಾಗದ ಓದೋದು ಹೇಗೆ?

ಮಾವ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಾರಾಯ್ತಿ. ಇದ್ದಿದ್ದರೆ ಊರಲ್ಲಿ ಆ ಕೆಲಸ ಆಗಲೇ ನಡೀತಿತ್ತು.

ಹುಡುಗಿ: ಹಾಗಾದ್ರೆ ನನ್ನ ಪ್ರಬಂಧದ ವಿಷಯ ಸಿಕ್ಕಿತು. ಶಿರೂರಿನ ಸುದ್ದಿಯನ್ನ ಕನ್ನಡ, ಮಲಯಾಳಂ ಪತ್ರಿಕೆಗಳು ಹೇಗೆ ಬರೆದ್ವು ಅಂತ ಮಾಡೋಣ ಅಂದುಕೊಂಡಿದ್ದೆ. ಅದಕ್ಕಿಂತ ಇದು ಮೊದಲು ಬೇಕು. ಭಟ್ಕಳದಿಂದ ಕಾರವಾರದವರೆಗೆ ತಾಲ್ಲೂಕು ವರದಿಗಾರರಿಗೆ ತಿಂಗಳಿಗೆ ಕೈಗೆ ಬರೋದು ಎಷ್ಟು, ಜಾಹೀರಾತಿನ ಕಮಿಷನ್ ಎಷ್ಟು, ಆ ಕಮಿಷನ್ನಿಗಾಗಿ ಬಿಟ್ಟ ಸುದ್ದಿ ಯಾವುದು. ಪ್ರಶ್ನಾವಳಿ ಮಾಡಿ ಒಬ್ಬೊಬ್ಬರನ್ನೂ ಕೇಳ್ತೇನೆ. ಮೊದಲ ಪ್ರತಿ ನಿಮಗೆ.

ಮಾವ: ನನಗಾ? ಕೊಡು, ತುಂಬಿಸ್ತೇನೆ. ಹೆಸರು ಮಾತ್ರ ಹಾಕಬೇಡ.

ಹುಡುಗಿ: ಹೆಸರು ಹಾಕೋದಿಲ್ಲ ಮಾವ, ಅದು ನೀತಿಸಂಹಿತೆ ಪೇಪರಿನಲ್ಲೇ ಬರತ್ತೆ. ಅಂಕಿ ಮಾತ್ರ ನಿಜ ಹೇಳಬೇಕು.